ಕ್ಲೀನರಿನ ಹೊಟ್ಟೆಯೊಳಗಿನ ನಾಯಿ

ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಜಂಬದಲ್ಲಿ ಥೇಟ್ ನನ್ನ ತಮ್ಮ. ಅದು ಓಡಾಡಿದಲ್ಲೆಲ್ಲ ನಾಯಿ ವಾಸನೆ ಹಬ್ಬುತ್ತಿತ್ತು. "ಈ ಗುಂಡನನ್ನು ಹೊರಗೆ ಕಟ್ಟಿಹಾಕಿ!" ಎಂದು ಅದೇ ಗುಡುಗಿತು.

ನಾಯಿ ಗುಂಡ ಕೇಳಿದ. "ಅಣ್ಣಾ, ನನಗೆ ನಿನ್ನೆ ತಾನೇ ಸ್ನಾನವಾಯಿತು. ನೀನು ಹೊಟ್ಟೆ ತೊಳೆದುಕೊಂಡದ್ದು ಯಾವಾಗ?"

"ಕೊಳೆ ತೆಗೆಯುವವನಿಗೆ ಸ್ನಾನ ಯಾಕಯ್ಯಾ?"

ಮಹಾನ್ಯಾಯಾಧೀಶನಾದ ನಾನು ಕ್ಲೀನರನ್ನೇ ನಂಬಿ, ಗುಂಡನನ್ನು ಅಂಗಳದಲ್ಲಿ ಕಟ್ಟಿ, ಮನೆಗೆಲ್ಲ ಸಾಂಬ್ರಾಣಿ ಹಾಕಿದೆ. ಕ್ಲೀನರ್ ಓಡಿತು. ಸಾಂಬ್ರಾಣಿ ಹಾಕಿಸಿಕೊಂಡ ನಾಯಿಯ ವಾಸನೆ ಬಂತು.

ನನ್ನವಳು ಮೂಗು ಮುಚ್ಚಿಕೊಂಡು ಅದನ್ನು ಅಂಗಳಕ್ಕೆ ಎಳೆದೊಯ್ದು ಹೊಟ್ಟೆ ಬಿಚ್ಚಿದಳು. ಇನ್ನೊಂದು ನಾಯಿಗಾಗುವಷ್ಟು ಕೂದಲು ಬಿತ್ತು.

ಗುಂಡ ಮೂಸಿ ನೋಡಿದ. "ಕೂದಲು ನನ್ನದೇ, ಅಣ್ಣಾ. ಕೂಡಿಟ್ಟವನು ನೀನು."

ಈಗ ಗುಂಡ ಸೋಫಾ ಮೇಲಿದ್ದಾನೆ. ಕ್ಲೀನರ್ ಹೊಟ್ಟೆ ತೊಳೆಸಿಕೊಂಡು ಅಂಗಳದಲ್ಲಿ ಒಣಗುತ್ತಿದೆ. ತೀರ್ಪು ಕೊಟ್ಟ ನಾನೂ ಅದರ ಪಕ್ಕದಲ್ಲೇ ಬಿಸಿಲು ಕಾಯುತ್ತಿದ್ದೇನೆ.