ಕಾಳವ್ವ ಕಾಣಬಯಸಿದ ಕುಣಿತ

ಬಂಡೆಗಲ್ಲುಗಳೇ ತುಂಬಿದ್ದ ಒಂದು ಕಾಡಿನಲ್ಲಿ ಕಾಳವ್ವ ಎಂಬ ಮುದಿ ಕರಡಿ ಇದ್ದಳು. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಕುರುಡಾಗುವ ಮೊದಲು ನವಿಲಿನ ಕುಣಿತವನ್ನು ಒಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ. ಜೀವಮಾನವೆಲ್ಲ ಗೆಡ್ಡೆ ಅಗೆಯುತ್ತ, ಗೆದ್ದಲು ಹುಡುಕುತ್ತ ನೆಲ ನೋಡಿಕೊಂಡೇ ಕಳೆದಿದ್ದಳು, ಪಾಪ.

ಈ ಸುದ್ದಿ ನರಿಯ ಕಿವಿಗೆ ಬಿತ್ತು. ನರಿಗೆ ಜೇನೆಂದರೆ ಪ್ರಾಣ, ಆದರೆ ಕಚ್ಚಿಸಿಕೊಳ್ಳುವ ಧೈರ್ಯವಿಲ್ಲ.

"ಅಜ್ಜಿ, ಆ ನವಿಲು ನನ್ನ ಜೀವದ ಗೆಳೆಯ. ನಾನು ಹೇಳಿದರೆ ನಿನ್ನೆದುರೇ ಕುಣಿಯುತ್ತೆ. ಆದರೆ ಕಲಾವಿದ ನೋಡು, ಬರಿಗೈಲಿ ಕರೆಯೋಕಾಗಲ್ಲ. ಒಂದು ಜೇನುಹುಟ್ಟು ತಂದುಕೊಡು" ಎಂದಿತು.

ಕಾಳವ್ವ ತಂದುಕೊಟ್ಟಳು. ಮರುದಿನ ನರಿ ಮೀಸೆ ನೆಕ್ಕಿಕೊಳ್ಳುತ್ತ ಬಂದು, "ಇವತ್ತು ಮೋಡ ಇಲ್ಲ ಅಜ್ಜಿ, ನಾಳೆ ನೋಡೋಣ" ಎಂದಿತು. ಇನ್ನೊಂದು ದಿನ ನವಿಲಿಗೆ ಕಾಲು ಉಳುಕಿತ್ತಂತೆ. ನೆವ ಹೊಸಹೊಸದು, ಜೇನು ಮಾತ್ರ ದಿನವೂ ಬೇಕು. ನಿಜ ಹೇಳಬೇಕೆಂದರೆ, ನರಿಯ ವಾಸನೆ ಬಂದರೆ ಸಾಕು, ನವಿಲು ಮರ ಏರಿಬಿಡುತ್ತಿತ್ತು! ಕಾಳವ್ವನೋ, ಸಂಜೆಯಾದರೆ ಬಂಡೆಯ ಮೇಲೆ ಕುಳಿತು ಕಾಯುವಳು. ದೂರದಲ್ಲಿ ನವಿಲು ಕೂಗಿದರೆ ಅತ್ತಲೇ ಕತ್ತು ಚಾಚುವಳು.

ಒಂದು ಬೆಳಿಗ್ಗೆ ಅವಳು ಪೊದೆಯೊಂದರಲ್ಲಿದ್ದ ಜೇನುಹುಟ್ಟಿಗೆ ಕೈ ಹಾಕುವವಳಿದ್ದಳು. ಕಣ್ಣು ಸರಿಯಾಗಿ ಕಾಣದೆ ಮೂತಿಯನ್ನು ತೀರಾ ಹತ್ತಿರ ತಂದಳು. ಹುಟ್ಟಿನ ಮೇಲೆ ಒಂದು ಜೇನುನೊಣ ಸೊಂಟ ಅಲ್ಲಾಡಿಸುತ್ತ ನೇರವಾಗಿ ಓಡಿತು, ಸುತ್ತಿ ಬಂದಿತು, ಮತ್ತೆ ಅದೇ ದಾರಿಯಲ್ಲಿ ಓಡಿತು.

"ಏನವ್ವಾ ಇದು?" ಎಂದು ಮೆಲ್ಲಗೆ ಕೇಳಿದಳು.

"ಕುಣೀತಿದೀನಿ ಅಜ್ಜಿ. ಹೊಂಗೆ ಹೂ ಬಿಟ್ಟಿದೆ. ಯಾವ ದಿಕ್ಕು, ಎಷ್ಟು ದೂರ ಅಂತ ನಮ್ಮೋರಿಗೆ ಹೀಗೇ ತಿಳಿಸೋದು. ದಿನಾ ಕುಣೀತೀವಲ್ಲ, ನೀನು ನೋಡೇ ಇಲ್ವಾ?"

ಕಾಳವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ದಿನ ಕಿತ್ತುಕೊಟ್ಟ ಹುಟ್ಟುಗಳನ್ನು ನೆನೆದು ಅಳು ಬಂತು. ಅಲ್ಲೇ ಕುಳಿತು ನೋಡತೊಡಗಿದಳು.

ಜೇನು ಬಾರದೆ ಚಡಪಡಿಸಿದ ನರಿ ಮಧ್ಯಾಹ್ನ ಹುಡುಕಿಕೊಂಡು ಬಂತು. "ಇವತ್ತು ನವಿಲು ಖಂಡಿತ ಕುಣಿಯುತ್ತೆ. ಬೇಗ ಕಿತ್ತುಕೊಡು ಅಜ್ಜಿ."

"ಮೊದಲು ನವಿಲನ್ನ ಕರ್ಕೊಂಡು ಬಾ. ಈ ಹುಟ್ಟನ್ನ ಮಾತ್ರ ನಾನು ಮುಟ್ಟಲ್ಲ."

ಆಸೆ ತಡೆಯಲಾರದೆ ನರಿ ತಾನೇ ಬಾಯಿ ಹಾಕಿತು. ಜೇನುನೊಣಗಳು ಮೂತಿಗೆ ಮುತ್ತಿದವು. ಊದಿದ ಮುಖ ಹೊತ್ತು ಓಡಿದ ನರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕಾಳವ್ವನಿಗೆ ನವಿಲಿನ ಕುಣಿತ ಕಾಣಲು ಸಿಗಲೇ ಇಲ್ಲ. ಆ ಹಂಬಲ ತೀರಲೂ ಇಲ್ಲ. ಆದರೆ ದಿನವೂ ಬೆಳಗಾಗುತ್ತಲೇ ಪೊದೆಯ ಬಳಿ ಬಂದು ಕುಳಿತು ಜೇನಿನ ಕುಣಿತ ನೋಡುತ್ತಿದ್ದಳು. ಕಣ್ಣು ಪೂರ್ತಿ ಹೋದ ಮೇಲೂ ಬಂದಳು. "ಇವತ್ತು ಯಾವ ಹೂವಿನ ದಾರಿ ಹೇಳ್ತಿದೀರೇ?" ಎಂದು ಕೇಳಿಕೊಂಡು ಕೂರುತ್ತಿದ್ದಳು.

ನೀತಿ: ದೂರದ ಚೆಲುವಿಗೆ ಹಂಬಲಿಸುವುದು ತಪ್ಪಲ್ಲ, ಆದರೆ ಆ ಹಂಬಲವನ್ನು ವಂಚಕರ ಕೈಗೆ ಕೊಟ್ಟು, ಕಣ್ಣೆದುರಿಗೇ ಇರುವ ದಿನದಿನದ ಸೊಗಸನ್ನು ಹಾಳುಮಾಡಿಕೊಳ್ಳಬಾರದು.