ದ್ಯಾವಮ್ಮ ಹೊತ್ತ ದಾಹ

ಒಂದಾನೊಂದು ಕಾಲದಲ್ಲಿ, ಸಿಮೆಂಟು ಅನ್ನೋ ಹೆಸರೇ ಯಾರೂ ಕೇಳಿರದ ಕಾಲ ಕಣೋ ಕಂದ, ಕೆಂಚಯ್ಯ ಅಂತ ಒಬ್ಬ ಗಾರೆ ಕೆಲಸದೋನು ಇದ್ದನಂತೆ, ಅವನ ಹೆಂಡತಿ ದ್ಯಾವಮ್ಮ ಅಂತೆ. ಕಾಲು ಒದೀಬೇಡ, ಹೊದ್ಕೊಂಡು ಕೇಳು. ಆಗ ಗೋಡೆ ಗಟ್ಟಿಯಾಗ್ಲಿ ಅಂತ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸ್ತಿದ್ರು. ಬೆಲ್ಲಾನೂ ಅಳಲೆಕಾಯೀನೂ ಗುಡಾಣದಲ್ಲಿ ನೆನೆಹಾಕಿ, ಹೆಂಡದ ಥರ ಹುಳಿ ಬರೋವರೆಗೂ ಬಿಟ್ಟು, ಹದ ಬಂತಾ ಅಂತ ಬೆರಳದ್ದಿ ನಾಲಿಗೆಗೆ ಇಟ್ಟು ನೋಡ್ತಿದ್ರು. ಈ ಕೆಂಚಯ್ಯ ಪ್ರಾಯದಲ್ಲಿ ಮಹಾ ಕುಡುಕನಾಗಿದ್ದನಂತೆ, ಆಮೇಲೆ ಹೆಂಡತಿ ಕೈ ಹಿಡಿದು ಆಣೆ ಮಾಡಿ ಕುಡಿಯೋದು ಬಿಟ್ಟನಂತೆ. ಹುಳಿ ನೀರು ತಾಕಿದ್ರೆ ಹಳೇ ಚಟ ಎದ್ದೀತು ಅಂತ ಹನ್ನೆರಡು ವರ್ಷ ರುಚಿ ನೋಡೋ ಕೆಲಸ ದ್ಯಾವಮ್ಮಂದೇ.

ಹಿಂಗಿರ್ಬೇಕಾದ್ರೆ ದೊರೆ ಮಗಳ ಮದುವೆ ಬಂತಂತೆ, ಅರಮನೆಗೆಲ್ಲ ಹೊಸ ಗಾರೆ ಆಗ್ಬೇಕಂತೆ, ಅದೇ ಹೊತ್ತಿಗೆ ದ್ಯಾವಮ್ಮಂಗೆ ನೆಗಡಿ ಹಿಡಿದು ನಾಲಿಗೆ ಕೆಟ್ಟೇ ಹೋಯ್ತಂತೆ. ಉಪ್ಪು ಯಾವ್ದು, ಹುಳಿ ಯಾವ್ದು ಒಂದೂ ತಿಳೀತಿಲ್ಲ. ಕೆಂಚಯ್ಯ ಏನ್ಮಾಡ್ದ, ಒಂದು ಬೆರಳಲ್ವಾ ಅಂತ ತಾನೇ ಅದ್ದಿ ನೆಕ್ಕಿಬಿಟ್ಟ. ಆಮೇಲೆ ಇನ್ನೊಂದು ಬೆರಳು, ಆಮೇಲೆ ಬೊಗಸೆ, ಆಮೇಲೆ ಹೆಂಡದಂಗಡಿ! ಮೂರು ದಿನ ಆದ್ಮೇಲೆ ಬಂದು ಜಗಲಿ ಮೇಲೆ ಬಿದ್ದುಕೊಂಡನಂತೆ.

ದ್ಯಾವಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಹನ್ನೆರಡು ವರ್ಷದ ಆಣೇನ ಒಂದು ಬೆರಳಿಗೆ ಕಳೆದ್ಯಲ್ಲೋ, ನನ್ನ ಮೇಲೆ ಪ್ರೀತಿ ಇದ್ದಿದ್ರೆ ಹಿಂಗೆ ಮಾಡ್ತಿದ್ದಾ ಅಂತ ಬೈದು, ಬಟ್ಟೆ ಗಂಟು ಕಟ್ಟಿ, ಬೆಳಿಗ್ಗೇನೇ ತವರಿಗೆ ಹೊರಟೇಬಿಟ್ಲು. ಕೆರೆ ಏರಿ ಮೇಲೆ ಒಬ್ಬ ಮುದುಕಿ ಕೂತಿದ್ಲಂತೆ, ಅಂಥ ಬಿಸಿಲಲ್ಲೂ ಅವಳಿಗೆ ನೆರಳೇ ಇಲ್ವಂತೆ! ಕೆರೆ ಕಾಯೋ ತಾಯಿ ಕಣೋ ಅವಳು. ಎಲ್ಲಾ ಕೇಳಿ, ಹೋಗೋದಿದ್ರೆ ಹೋಗವ್ವ, ಅದಕ್ಕೆ ಮುಂಚೆ ಅವನ ದಾಹಾನ ಒಂದು ಹಗಲು ನೀನು ಹೊತ್ಕೊಂಡು ಮನೇಲಿರು, ಹೊತ್ತು ಮುಳುಗಿದ್ಮೇಲೆ ನಿನ್ನಿಷ್ಟ ಅಂದ್ಲಂತೆ. ಒಂದು ಹಗಲು ಯಾಕೆ, ಮೂರು ದಿನ ಕೊಡು, ನಾನೇನು ಅವನಂಗಲ್ಲ ಅಂದ್ಲಂತೆ ನಮ್ಮ ಜಂಬಗಾತಿ. ಒಂದೇ ಹಗಲು ಸಾಕು ಬಿಡವ್ವ ಅಂತ ಮುದುಕಿ ನಕ್ಕು ಅವಳ ಗಂಟಲು ಮುಟ್ಟಿದ್ಲು.

ಮನೆ ಮುಟ್ಟೋದ್ರೊಳಗೆ ಗಂಟಲು ಉರಿಯೋಕೆ ಶುರುವಾಯ್ತು. ಕೊಡ ನೀರು ಕುಡಿದ್ಲು, ಹೋಗ್ಲಿಲ್ಲ. ಮಧ್ಯಾಹ್ನಕ್ಕೆ ಮೈ ನಡುಗೋಕೆ ಹಿಡೀತು, ರಾಗಿ ಬೀಸಿದ್ಲು, ಅಂಗಳ ಸಾರಿಸಿದ್ಲು, ಅದೂ ಹೋಗ್ಲಿಲ್ಲ. ಮೂರನೇದು ಸಂಜೆ ಮುಂದೆ ಬಂತು ನೋಡು, ಅದು ಉರೀನೂ ಅಲ್ಲ ನಡುಕಾನೂ ಅಲ್ಲ, ಅವಳದೇ ದನಿ! ಅಯ್ಯೋ ಪಾಪ, ಎಷ್ಟು ದಣಿದಿದ್ದೀಯ, ಒಂದೇ ಬೆರಳು ಕಣೇ, ಯಾರಿಗೆ ಗೊತ್ತಾಗುತ್ತೆ ಅಂತ ಹೆತ್ತವ್ವನ ಥರ ಕರೀತಂತೆ. ಅವಳಿಗೆ ಗಂಡಾನೂ ಬೇಡ ತವರೂ ಬೇಡ ಅನ್ನಿಸಿ, ಗುಡಾಣದ ಹತ್ರ ಹೋಗಿ ಬೆರಳು ಅದ್ದೇಬಿಟ್ಲು.

ಯಾರೋ ಗಟ್ಟಿಯಾಗಿ ಮುಂಗೈ ಹಿಡಿದ್ರು. ಯಾರು ಅಂದ್ರೆ ಜಗಲಿಯಿಂದ ಎದ್ದು ಬಂದ ಕೆಂಚಯ್ಯ. ಅವಳ ಕಣ್ಣು ನೋಡಿದ ಕೂಡ್ಲೇ ಇದು ತನ್ನದೇ ದಾಹ ಅಂತ ಅವನಿಗೆ ಗೊತ್ತಾಗೋಯ್ತಂತೆ. ಬೈಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಪಂಚೆ ತುದೀಲಿ ಆ ಬೆರಳು ಒರೆಸಿ, ಬಾ ದ್ಯಾವಿ, ಒಂದು ಎಲೆ ಅಡಿಕೆ ಜಗಿಯೋಷ್ಟು ಹೊತ್ತು ಕೂತ್ಕೋ, ಅಷ್ಟೇ, ಆಮೇಲಿಂದು ಆಮೇಲೆ ಅಂದನಂತೆ. ಜಗಿದಾಯ್ತು. ಇನ್ನೊಂದು ಮಡಚಿ ಕೊಟ್ಟ. ಮತ್ತೂ ಒಂದು. ಹಂಗೇ ಹೊತ್ತು ಮುಳುಗ್ತು, ಅವಳ ಗಂಟಲು ತಣ್ಣಗಾಯ್ತು.

ದಿನಾ ಹಿಂಗೇ ಇತ್ತಾ ನಿಮಗೆ ಅಂತ ಕೇಳಿದ್ಲಂತೆ. ಕೆಲವು ದಿನ ಕಮ್ಮಿ ಇರ್ತಿತ್ತು ಕಣೇ ಅಂದ. ಅವಳು ಮನಸ್ಸಲ್ಲೇ ಅಂದ್ಕೊಂಡ್ಲು, ನಾನು ಒಂದು ಹಗಲೂ ತಡೀಲಿಲ್ಲ, ಈ ಮನುಷ್ಯ ಆ ಗುಡಾಣದ ಪಕ್ಕದಲ್ಲೇ ನಿಂತು, ನಗ್ತಾ ಕೆಲಸ ಮಾಡ್ತಾ, ಹನ್ನೆರಡು ವರ್ಷ ಇದನ್ನ ಹೊತ್ತನಲ್ಲಪ್ಪಾ! ಬಿದ್ದಿದ್ದು ಕಾಣಿಸ್ತು, ನಿಂತಿದ್ದು ಕಾಣಿಸ್ಲೇ ಇಲ್ವಲ್ಲ ನನಗೆ! ಹಂಗಂತ ಅವನ ಮುಖಾನೇ ಎವೆಯಿಕ್ಕದೆ ನೋಡ್ತಾ ಕೂತ್ಬಿಟ್ಲಂತೆ. ಆಮೇಲೆ ಕಣ್ಣೊರೆಸ್ಕೊಂಡು, ಆ ಮೂರು ದಿನ ನನ್ನ ಹೊಟ್ಟೆ ಉರಿದಿದ್ದು ಸುಳ್ಳಲ್ಲ, ಆದ್ರೆ ಇನ್ಮೇಲೆ ಒಬ್ರೇ ಹೊರಬೇಡಿ, ಅದು ಎದ್ದಾಗ ನನ್ನ ಕೂಗಿ ಅಂದ್ಲಂತೆ.

ಆಮೇಲೆ ಅವನು ಕುಡೀಲೇ ಇಲ್ವಾ ಅಂತೀಯಾ? ಅವತ್ತೇ ದೀಪ ಹಚ್ಚೋ ಹೊತ್ತಿಗೆ ದಾಹ ಅವನ ಹತ್ರ ವಾಪಸು ಬಂತಂತೆ. ದ್ಯಾವೀ ಅಂತ ಕೂಗ್ದ, ಅವಳು ಬಂದು ಪಕ್ಕ ಕೂತ್ಲು, ಅವತ್ತು ಕುಡೀಲಿಲ್ಲ. ಮಾರನೇ ದಿನ ಕೂಗ್ದ, ಅವತ್ತೂ ಕುಡೀಲಿಲ್ಲ. ಹಂಗೇ ಕೂಗ್ತಾ ಕೂರ್ತಾ ಇಬ್ರೂ ತಲೆ ನೆರೆತು ಮುದುಕರಾದ್ರಂತೆ. ನನ್ನ ಕತೆ ಅಲ್ಲಿಗೆ ಮುಗೀತು, ನಿನ್ನ ಕಣ್ಣು ಇನ್ನೂ ಮುಚ್ಚಿಲ್ವಲ್ಲೋ!