ನೆಲಕ್ಕೆ ಬೀಳದ ನೆತ್ತರು

ಪೂಜ್ಯ ಕಾಟಮ್ಮ ತಾಯಿಯವರು ಆ ವರ್ಷ ದೇವರ ಎತ್ತುಗಳ ರೊಪ್ಪದ ಪಕ್ಕದಲ್ಲಿ, ಮುಳ್ಳುಬೇಲಿಗೆ ಆತುಕೊಂಡಿದ್ದ ಹುಲ್ಲುಗುಡಿಸಲಿನಲ್ಲಿ ವಾಸವಾಗಿದ್ದರು. ಎತ್ತುಗಳ ಕಿವಿಯೊಳಗಿಂದ, ಕೊರಳಡಿ ಜೋಲುವ ಗಂಗೆದೊಗಲಿನ ಮಡಿಕೆಗಳಿಂದ ನೆತ್ತರು ಹೀರುವ ಉಣ್ಣೆಹುಳು ಕಿತ್ತು ಬೇವಿನೆಣ್ಣೆಯ ಚಿಪ್ಪಿಗೆ ಹಾಕುವುದೇ ಅವರ ಜಪ. ಬೇರೆ ಜಪ ಮಾಡಿದ್ದನ್ನು ಕಂಡವರಿಲ್ಲ.

ದೇವರಿಗೆ ಬಿಟ್ಟ ಎತ್ತುಗಳಿಗೆ ನೊಗವಿಲ್ಲ. ಅವುಗಳ ನೆತ್ತರು ನೆಲ ಮುಟ್ಟಬಾರದೆಂಬುದು ಹಟ್ಟಿಯ ಕಟ್ಟಳೆ. ಮಳೆ ಹಿಡಿದ ಮೇಲೆ ಉಣ್ಣೆ ಮಿತಿಮೀರಿ, ಒಂದೇ ವಾರದಲ್ಲಿ ಎರಡು ಎತ್ತು ಸತ್ತವು. ಈಗ ಮಂದೆಯ ಮುಂದಾಳು ಎತ್ತು ಬಿಳಿಯಯ್ಯನೇ ಮೇವು ಬಿಟ್ಟು ಮಲಗಿದ್ದ. ಮೈ ಕೆಂಡ, ಮೂತ್ರ ನೇರಳೆ ಹಣ್ಣಿನ ರಸದಂತೆ ಕೆಂಪು.

ತಾಯಿಯವರು ಹೇಳಿಕಳುಹಿಸಿದ್ದರಿಂದ ದನದ ಡಾಕ್ಟರು ಬಂದು, ಬೂಟು ಕಳಚಿ ಬರಿಗಾಲಲ್ಲಿ ನಿಂತರು. ಮಂದೆ ಕಾಯುವ ಕಿಲಾರಿ ಪಾಲಯ್ಯ ರೊಪ್ಪದ ಬಾಗಿಲಿಗೆ ಕೋಲು ಅಡ್ಡ ಹಿಡಿದ.

"ನಿಮ್ ಸೂಜಿ ಜರ್ಸಿ ದನಕ್ಕೆ ಇಟ್ಕಳಿ ಸ್ವಾಮಿ. ದ್ಯಾವ್ರ ಎತ್ತಿನ ನೆತ್ರು ನೆಲಕ್ಕೆ ಬಿದ್ರೆ ಹಟ್ಟಿ ಉಳಿಯಲ್ಲ."

"ಉಣ್ಣೆ ಕಚ್ಚಿ ರಕ್ತದೊಳಕ್ಕೇ ರೋಗ ಇಳಿದೈತೆ ಕಣಪ್ಪ. ಹೊತ್ತು ಮುಳುಗೋದ್ರೊಳಗೆ ಮದ್ದು ಹೋಗದಿದ್ರೆ ಇವನೂ ಉಳಿಯಲ್ಲ."

"ದ್ಯಾವ್ರು ಕರಕೊಂಡ್ರೆ ಕರಕೊಳ್ಳಲಿ! ಒಳಗೆ ಕಾಲಿಟ್ರೆ ನಾನು ಡಾಕ್ಟ್ರು ಅಂತ ನೋಡಲ್ಲ."

ಕೋಲು ಮೇಲೆದ್ದಿತು. ಡಾಕ್ಟರು ಹಿಂದೆ ಸರಿಯಲಿಲ್ಲ. ಬಾಗಿಲ ಒಳಬದಿಯಲ್ಲೇ ಮಲಗಿದ್ದ ಬಿಳಿಯಯ್ಯ ಮತ್ತೆ ಮೂತ್ರ ಹೊಯ್ದ. ಕೆಂಪು ಹರಿದು ಬಂದು ಪಾಲಯ್ಯನ ಬರಿಗಾಲನ್ನು ತೋಯಿಸಿತು.

ತಾಯಿಯವರು ಅಲ್ಲಿಗೆ ಬೆರಳು ತೋರಿದರು.

"ನೆತ್ರು ಆಗಲೇ ನೆಲಕ್ಕೆ ಬೀಳ್ತಾ ಐತಲ್ಲೋ ಮಗ. ಇನ್ಯಾವ ನೆತ್ರು ಕಾಯ್ತೀಯ?"

ಪಾಲಯ್ಯ ತೊಯ್ದ ಕಾಲನ್ನು ಹಿಂದೆಗೆದ. ಆದರೂ ಕೋಲು ಇಳಿಯಲಿಲ್ಲ. ಆಗ ತಾಯಿಯವರು ಕೋಲಿನ ಅಡಿಯಲ್ಲೇ ಬಗ್ಗಿ ಒಳಹೋಗಿ, ಎತ್ತಿನ ಕೊರಳ ಕೆಳಗೆ ಅಂಗೈ ಒಡ್ಡಿ ಕುಳಿತರು. "ಚುಚ್ಚಪ್ಪ. ಕಟ್ಟಳೆ ನನ್ನ ಕೈಯಾಗೈತೆ."

ಮದ್ದು ಹೋಯಿತು. ಸೂಜಿ ಹೊರಬಂದಾಗ ಚುಚ್ಚಿದ ಜಾಗದಿಂದ ಒಂದೇ ಹನಿ ಜಾರಿ, ಆ ಒರಟು ಅಂಗೈಯಲ್ಲಿ ನಿಂತಿತು. ನೆಲ ಮುಟ್ಟಲಿಲ್ಲ.

ಪಾಲಯ್ಯ ಕೋಲೆಸೆದು ತಾಯಿಯವರ ಪಾದಕ್ಕೆ ಬಿದ್ದ.

"ಕಾಲು ಬಿಡು. ಎತ್ತಿನ ಕೊರಳು ಹಿಡಿ," ಎಂದರು ತಾಯಿಯವರು.

ಮೂರನೆಯ ದಿನ ಬಿಳಿಯಯ್ಯನ ಮೂತ್ರ ತಿಳಿಯಾಗಿ, ಅವನು ಎದ್ದು ಮೇವಿಗೆ ಬಾಯಿ ಹಾಕಿದ. ಇದನ್ನೇ ಪವಾಡವೆನ್ನುವವರಿದ್ದಾರೆ. ಎನ್ನಲಿ. ನನಗೆ ದೊಡ್ಡದಾಗಿ ಕಾಣುವುದು ಮೊದಲನೆಯ ದಿನವೇ ನಡೆದದ್ದು. ಬಿಳಿಯಯ್ಯ ಬದುಕುವನೋ ಇಲ್ಲವೋ ಯಾರಿಗೂ ಗೊತ್ತಿರದ ಆ ಹೊತ್ತಿನಲ್ಲಿ, ಜ್ವರ ಬಂದಿದ್ದ ಇನ್ನೈದು ಎತ್ತುಗಳ ಬಳಿಗೆ ಪಾಲಯ್ಯನೇ ಡಾಕ್ಟರನ್ನು ಕರೆದೊಯ್ದ. ಒಂದೊಂದರ ಕೊರಳಡಿಯೂ ಮಂಡಿಯೂರಿ ತನ್ನ ಅಂಗೈ ಒಡ್ಡಿದ.